ಈವೆಂಟ್ ಹಂಚುವ ವೆಬ್ ಆ್ಯಪ್: 18 ಫೀಚರ್‌ಗಳಲ್ಲಿ 14 'ಮಸ್ಟ್' ಆಗಿ ಕೂತಿವೆ, ಎಲ್ಲಿ ಕತ್ತರಿ ಹಾಕುವುದು?

ನೀಲಿಪಟ್ಟಿ (ಪ್ರಶ್ನೆ)

ಈವೆಂಟ್ ಹಂಚಿಕೊಳ್ಳುವ ವೆಬ್ ಆ್ಯಪ್ ಒಂದಕ್ಕೆ ರಿಕ್ವೈರ್‌ಮೆಂಟ್ ಪಟ್ಟಿ ತಯಾರಾಗಿದೆ. ಬಳಕೆ ಸರಳ: ಆಯೋಜಕರು ಈವೆಂಟ್ ಪುಟ ಮಾಡುತ್ತಾರೆ, ಲಿಂಕ್ ಕಳಿಸುತ್ತಾರೆ, ತೆರೆದವರು 'ಬರ್ತೀನಿ / ಬರಲ್ಲ / ನೋಡೋಣ' ಅಂತ ಒತ್ತುತ್ತಾರೆ. ಇಬ್ಬರು ಡೆವಲಪರ್‌ಗಳು, ಅರ್ಧ ಸಮಯ ಸಿಗುವ ಒಬ್ಬ ಡಿಸೈನರ್, 12 ವಾರ.

ಪಟ್ಟಿ: ಲಾಗಿನ್, ಈವೆಂಟ್ ರಚನೆ, ಹಂಚುವ ಲಿಂಕ್, ಉತ್ತರ, ಅತಿಥಿಗಳ ಪಟ್ಟಿ, ಸೀಟು ಮಿತಿ, ವೇಟಿಂಗ್ ಲಿಸ್ಟ್, ಮರುಕಳಿಸುವ ಈವೆಂಟ್, ಮ್ಯಾಪ್, ರಿಮೈಂಡರ್ ಇಮೇಲ್, ಪುಶ್ ನೋಟಿಫಿಕೇಶನ್, ಕ್ಯಾಲೆಂಡರ್ ಬಟನ್, ಕಾಮೆಂಟ್, ಫೋಟೊ ಆಲ್ಬಮ್, ಸಾರ್ವಜನಿಕ ಹುಡುಕಾಟ, ಟಿಕೆಟ್ ಮಾರಾಟ, ಸಹ-ಆಯೋಜಕರು, ಥೀಮ್.

ಮಸ್ಟ್ (ಬೇಕೇ ಬೇಕು), ಶುಡ್ (ಇರಬೇಕು), ಕುಡ್ (ಇದ್ದರೆ ಒಳ್ಳೆಯದು), ವೋಂಟ್ (ಈ ಸಲ ಇಲ್ಲ) ಎಂಬ ಮಾಸ್ಕೋ ವಿಧಾನದಲ್ಲಿ ವಿಂಗಡಿಸಿದಾಗ 14 ಮಸ್ಟ್ ಬಂದವು. ಆದ್ಯತೆಗೆ ಅಂಕ ಕೊಡುವ ರೈಸ್ ಸೂತ್ರದ ಸ್ಕೋರ್ ಹಾಕಿದರೆ ಥೀಮ್ 400, ವೇಟಿಂಗ್ ಲಿಸ್ಟ್ 80. ಇದನ್ನು ನಂಬುವುದು ಕಷ್ಟ. ಬೇರೆ ದಾರಿ ಇದೆಯಾ, ಅಥವಾ ಇದೇ ವಿಧಾನಗಳನ್ನು ಸರಿಯಾಗಿ ಬಳಸೋದು ಹೇಗೆ?


ಕಡತಗಾರ

ಮಾಸ್ಕೋ ಕೈಕೊಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಗುಂಪುಗಳ ಹೆಸರು ಎತ್ತಿಕೊಳ್ಳುತ್ತಾರೆ, ಅದರ ಜೊತೆಗಿದ್ದ ಮಿತಿಯನ್ನು ಬಿಟ್ಟುಬಿಡುತ್ತಾರೆ. 1994ರಲ್ಲಿ ಆರಕಲ್‌ನಲ್ಲಿದ್ದ ಡೈ ಕ್ಲೆಗ್ ರೂಪಿಸಿದ ಈ ವಿಧಾನವನ್ನು ಮುಂದೆ ಬೆಳೆಸಿದ್ದು ಡಿಎಸ್‌ಡಿಎಂ ಎಂಬ ಸಾಫ್ಟ್‌ವೇರ್ ಅಭಿವೃದ್ಧಿ ಪದ್ಧತಿ. ಅದರ ಮಾರ್ಗಸೂಚಿ ಪ್ರಕಾರ ಮಸ್ಟ್‌ಗಳ ಪಾಲು ಒಟ್ಟು ಶ್ರಮದ 60% ಮೀರಬಾರದು, 20%ದಷ್ಟು ಕುಡ್‌ಗೆ ಉಳಿಯಬೇಕು. ಲೆಕ್ಕ ಶ್ರಮದ್ದು, ಫೀಚರ್‌ಗಳ ಸಂಖ್ಯೆಯದ್ದಲ್ಲ.

ನಿಮ್ಮ ಲೆಕ್ಕ ಹೀಗೆ. ಇಬ್ಬರು, 12 ವಾರ, ಅಂದರೆ 24 ಆಳು-ವಾರ (ಒಬ್ಬರು ಒಂದು ವಾರ ಮಾಡುವ ಕೆಲಸ ಒಂದು ಆಳು-ವಾರ). ರಜೆ, ಡಿಪ್ಲಾಯ್‌ಮೆಂಟ್, ಕೊನೆಯ ಸುತ್ತಿನ ಟೆಸ್ಟಿಂಗ್‌ಗೆ 6 ತೆಗೆಯಿರಿ. ಉಳಿದ 18ರಲ್ಲಿ 60% ಅಂದರೆ 10.8. ಮಸ್ಟ್ ಎಲ್ಲವೂ ಇಷ್ಟರೊಳಗೆ ಹಿಡಿಯಬೇಕು. ಈ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದಿಟ್ಟು ವಿಂಗಡಣೆ ಶುರು ಮಾಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಪ್ರತಿ ಮಸ್ಟ್‌ಗೂ ಎರಡು ಪ್ರಶ್ನೆ ಕೇಳಿ. ಬಿಡುಗಡೆಯ ದಿನ ಇದು ಇಲ್ಲದಿದ್ದರೆ ಬಿಡುಗಡೆಯನ್ನೇ ನಿಲ್ಲಿಸುತ್ತೀರಾ? ಇದಿಲ್ಲದೆ ಕೈಯಾರೆ ಮಾಡುವ ದಾರಿ ಇದೆಯಾ? ಕೈದಾರಿ ಇದ್ದರೆ ಅದು ಮಸ್ಟ್ ಅಲ್ಲ. ಸೀಟು ತುಂಬಿತು ಅನ್ನಿ, ಆಯೋಜಕರು 'ಉತ್ತರ ಮುಚ್ಚು' ಎಂಬ ಒಂದು ಸ್ವಿಚ್ ಒತ್ತಿದರೆ ಸಾಕು. ಅಲ್ಲಿಗೆ ಸೀಟು ಮಿತಿ, ವೇಟಿಂಗ್ ಲಿಸ್ಟ್ ಎರಡೂ ಕೆಳಗಿಳಿದವು. ಮ್ಯಾಪ್ ಬದಲು ವಿಳಾಸವನ್ನೇ ಮ್ಯಾಪ್ ಆ್ಯಪ್‌ಗೆ ಒಯ್ಯುವ ಲಿಂಕ್ ಮಾಡಿ. ಮರುಕಳಿಸುವ ಈವೆಂಟ್ ಬದಲು 'ನಕಲು ಮಾಡು' ಬಟನ್: ಅರ್ಧ ದಿನದ ಕೆಲಸ. ನಿಜವಾದ ಮರುಕಳಿಕೆ ಅಂದರೆ 31ನೇ ತಾರೀಖು ಇಲ್ಲದ ತಿಂಗಳು, ಒಂದು ವಾರ ಮಾತ್ರ ರದ್ದು, 'ಇದೊಂದನ್ನೇ ಬದಲಿಸಲಾ, ಮುಂದಿನವನ್ನೆಲ್ಲ ಬದಲಿಸಲಾ' ಎಂಬ ಡಯಲಾಗ್, ಪ್ರತಿ ಸಲದ ಉತ್ತರವೂ ಬೇರೆ. ಅದನ್ನು 12 ವಾರದೊಳಗೆ ತುರುಕಬೇಡಿ.

ರೈಸ್ ಬಗ್ಗೆ. ಎಷ್ಟು ಜನರನ್ನು ಮುಟ್ಟುತ್ತದೆ, ಪರಿಣಾಮ, ಖಾತ್ರಿ, ಈ ಮೂರನ್ನು ಗುಣಿಸಿ ಶ್ರಮದಿಂದ ಭಾಗಿಸುವ ಸೂತ್ರ ಅದು. ನಿಮ್ಮ ಥೀಮ್ ಬಹುಶಃ 1000 × 0.5 × 80% ÷ 1, ವೇಟಿಂಗ್ ಲಿಸ್ಟ್ 150 × 2 × 80% ÷ 3 ಇರಬೇಕು. ಗಣಿತ ಸರಿ, ಆದರೆ ಬಳಕೆದಾರರೇ ಇಲ್ಲದ ಉತ್ಪನ್ನದಲ್ಲಿ ಆ 1000, 150 ಎಲ್ಲಿಂದ ಬಂದವು? ಪ್ರಾಮಾಣಿಕವಾಗಿ ಹಾಕಿದರೆ ಎಲ್ಲದರ ಖಾತ್ರಿಯೂ 50%, ಆಗ ಕ್ರಮಾಂಕ ಬರೀ ಗದ್ದಲ. ಇನ್ನೊಂದು ತೊಂದರೆ: ಒಂದರ ಮೇಲೊಂದು ನಿಂತ ಫೀಚರ್‌ಗಳು ಈ ಸೂತ್ರಕ್ಕೆ ಕಾಣುವುದಿಲ್ಲ. 1984ರಲ್ಲಿ ನೊರಿಯಾಕಿ ಕಾನೊ ಮಂಡಿಸಿದ ಮಾದರಿಯಲ್ಲಿ 'ಇದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಎಲ್ಲರೂ ಬೈಯುತ್ತಾರೆ' ಎಂಬ ವರ್ಗ ಇದೆಯಲ್ಲ, ಅದಕ್ಕೆ ರೈಸ್‌ನಲ್ಲಿ ಸಾಮಾನ್ಯವಾಗಿ ಕಡಿಮೆ ಅಂಕ. ಹಾಗಾಗಿ ರೈಸ್ ಅನ್ನು ಶುಡ್-ಕುಡ್ ರಾಶಿಯೊಳಗೆ, ಬಿಡುಗಡೆಯ ನಂತರ, ಗಾತ್ರದಲ್ಲಿ ಹತ್ತಿರ ಇರುವ ಫೀಚರ್‌ಗಳ ನಡುವೆ ಮಾತ್ರ ಬಳಸಿ.

ಇನ್ನೂ ಮುಖ್ಯವಾದದ್ದು: ಪಟ್ಟಿಯನ್ನು ಬದಿಗಿಟ್ಟು ಎರಡು ಸಾಲು ಬರೆಯಿರಿ. ಆಯೋಜಕರ ಸಾಲು: ರಚಿಸು, ಹಂಚು, ಉತ್ತರ ನೋಡು, ಬದಲಿಸು, ರದ್ದು ಮಾಡು. ಅತಿಥಿಯ ಸಾಲು: ಲಿಂಕ್ ಬಂತು, ತೆರೆದೆ, ಉತ್ತರಿಸಿದೆ, ನೆನಪಿಟ್ಟೆ, ಬದಲಾವಣೆ ತಿಳಿಯಿತು, ಹೋದೆ. ಈಗ 18 ಫೀಚರ್‌ಗಳನ್ನು ಇದರ ಕೆಳಗೆ ತೂಗುಹಾಕಿ. ನಿಮ್ಮ 18ರಲ್ಲಿ 'ಈವೆಂಟ್ ತಿದ್ದು' ಎಲ್ಲಿ? 'ರದ್ದು' ಎಲ್ಲಿ? ಬದಲಾದದ್ದು ಅತಿಥಿಗೆ ತಲುಪುವುದು ಹೇಗೆ? ಹಂಚುವ ಆ್ಯಪ್‌ನಲ್ಲಿ ಹಂಚಿದ ಮೇಲಿನ ಕಥೆಯೇ ಪಟ್ಟಿಯಲ್ಲಿ ಇಲ್ಲ, ಥೀಮ್ ಇದೆ.

ಈ ಎರಡು ಸಾಲುಗಳ ಸರಪಳಿಗೆ ನನ್ನ ಅಂದಾಜು, ಆಳು-ವಾರಗಳಲ್ಲಿ: ರಚನೆ-ತಿದ್ದುಪಡಿ-ರದ್ದು 2.5, ಲಿಂಕ್ ಮತ್ತು ಪ್ರಿವ್ಯೂ 1.5, ಲಾಗಿನ್ ಇಲ್ಲದ ಉತ್ತರ 2, ಅತಿಥಿಗಳ ಪಟ್ಟಿ 0.5, ಆಯೋಜಕರಿಗೆ ಮಾತ್ರ ಲಾಗಿನ್ 1, ಇಮೇಲ್ ವ್ಯವಸ್ಥೆ ಮತ್ತು ಬದಲಾವಣೆ-ಸೂಚನೆ 1.5, ದಿನಾಂಕ-ಸಮಯ-ವಲಯ 1. ಒಟ್ಟು 10. ಮಸ್ಟ್ ಇಲ್ಲಿಗೆ ಮುಗಿಯಿತು.


ಅರೆಬೆಳಕು

ಮೇಲಿನದ್ದನ್ನು ಒಪ್ಪುತ್ತೇನೆ, ಆದರೆ ಇನ್ನೊಂದು ಗೆರೆ ಎಳೆಯಬೇಕು. 'ಈಗ ಕಟ್ಟುವುದು' ಬೇರೆ, 'ಈಗ ನಿರ್ಧರಿಸುವುದು' ಬೇರೆ. ಮುಂದಕ್ಕೆ ತಳ್ಳಿದ ಫೀಚರ್‌ಗಳಲ್ಲಿ ಕೆಲವಕ್ಕೆ ಡೇಟಾ ಮಾದರಿಯಲ್ಲಿ ಇವತ್ತೇ ಜಾಗ ಬಿಡದಿದ್ದರೆ ಆರು ತಿಂಗಳ ನಂತರ ಬೆಲೆ ಹಲವು ಪಟ್ಟು. ಇನ್ನು ಕೆಲವನ್ನು ಯಾವಾಗ ಸೇರಿಸಿದರೂ ಒಂದೇ ಬೆಲೆ, ಥೀಮ್ ಅಂಥದ್ದು. ಆದ್ಯತೆಯ ಹಾಳೆಯಲ್ಲಿ ಇದಕ್ಕೊಂದು ಕಾಲಂ ಇಡಿ: ತಡ ಮಾಡಿದರೆ ಬೆಲೆ ಏರುತ್ತದಾ, ಇಲ್ಲವಾ.

ಏರುವವು ಇವು.

ಸಮಯ. ಭವಿಷ್ಯದ ಈವೆಂಟ್‌ಗೆ ಯುಟಿಸಿ (ಜಾಗತಿಕ ಮಾನಕ ಸಮಯ) ಒಂದನ್ನೇ ಇಟ್ಟುಕೊಂಡರೆ ಸಾಲದು. ಸರ್ಕಾರಗಳು ಬೇಸಿಗೆ ಸಮಯದ ನಿಯಮ ಬದಲಿಸುತ್ತವೆ. ಆಗ 'ಸಂಜೆ 6' ಅಂತ ಆಯೋಜಕರು ಬರೆದದ್ದು ಪುಟದಲ್ಲಿ 5 ಅಥವಾ 7 ಆಗಿ ಕಾಣುತ್ತದೆ. ಸ್ಥಳೀಯ ಸಮಯ ಮತ್ತು ಐಯಾನಾ ಪಟ್ಟಿಯಲ್ಲಿರುವ ಸಮಯ-ವಲಯದ ಹೆಸರು (ಯುರೋಪ್/ಲಂಡನ್ ಥರ), ಇವೆರಡೂ ಮೂಲ ದಾಖಲೆ. ಯುಟಿಸಿ ಬೇರೊಂದು ಕಾಲಂನಲ್ಲಿ, ಬರೀ ಸಾರ್ಟಿಂಗ್ ಮತ್ತು ರಿಮೈಂಡರ್ ಸಾಲಿಗೆ. ವಲಯದ ಬದಲು ಆಫ್‌ಸೆಟ್ (ಯುಟಿಸಿಗಿಂತ ಎಷ್ಟು ಗಂಟೆ ವ್ಯತ್ಯಾಸ ಎಂಬ ಸಂಖ್ಯೆ) ಇಡುವವರಿದ್ದಾರೆ, ಅದೂ ತಪ್ಪು: ಯುರೋಪ್/ಲಂಡನ್ ಚಳಿಗಾಲದಲ್ಲಿ 0, ಬೇಸಿಗೆಯಲ್ಲಿ +1. ಆಫ್‌ಸೆಟ್‌ನಿಂದ ವಲಯವನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ.

ಸ್ಥಿತಿ. ರದ್ದಾದ ಈವೆಂಟ್‌ನ ಡೇಟಾಬೇಸ್ ಸಾಲನ್ನು ಅಳಿಸಬೇಡಿ. ಕರಡು, ಪ್ರಕಟ, ಮುಂದೂಡಿಕೆ, ರದ್ದು ಎಂಬ ಕಾಲಂ ಸಾಕು. ಅಳಿಸಿದರೆ ಹಳೆ ಲಿಂಕ್ ಒತ್ತಿದವರಿಗೆ 404 ('ಪುಟ ಸಿಗಲಿಲ್ಲ') ಸಿಗುತ್ತದೆ. ಅವರು ಲಿಂಕ್ ಕೆಟ್ಟಿದೆ ಅಂದುಕೊಂಡು ಸೀದಾ ಸ್ಥಳಕ್ಕೇ ಹೋಗುತ್ತಾರೆ.

ಉತ್ತರ ಮತ್ತು ತಲೆಲೆಕ್ಕ. ಒಂದು ಉತ್ತರ ಅಂದರೆ ಒಬ್ಬರೇ ಅಲ್ಲ, 'ಜೊತೆಗೆ ಇಬ್ಬರು' ಇರುತ್ತಾರೆ. ಉತ್ತರದ ಸಾಲಿನಲ್ಲಿ ತಲೆ-ಸಂಖ್ಯೆಯ ಕಾಲಂ ಈಗಲೇ ಇರಲಿ, ಮೊದಲ ಆವೃತ್ತಿಯಲ್ಲಿ ಅದರಲ್ಲಿ ಯಾವಾಗಲೂ 1 ಎಂದೇ ಇದ್ದರೂ ಸರಿ.

ಕ್ಯಾಲೆಂಡರ್ ಗುರುತು. ಇದನ್ನು ಕಡತಗಾರರು ಮುಟ್ಟಿಲ್ಲ. ಕ್ಯಾಲೆಂಡರ್ ಬಟನ್ ನನ್ನ ಪ್ರಕಾರ ಶುಡ್‌ನ ತಲೆಯಲ್ಲಿರಬೇಕು, ರಿಮೈಂಡರ್ ಇಮೇಲ್‌ಗಿಂತ ಮೊದಲು. ಎರಡು-ಮೂರು ದಿನದ ಕೆಲಸ, ನೆನಪಿಸುವ ಕೆಲಸವನ್ನು ಫೋನೇ ಮಾಡುತ್ತದೆ. ಕ್ಯಾಲೆಂಡರ್ ಫೈಲ್ ಹೇಗಿರಬೇಕು ಎಂಬ ಐಕ್ಯಾಲೆಂಡರ್ ನಿಯಮ ಆರ್‌ಎಫ್‌ಸಿ 5545 ಎಂಬ ಇಂಟರ್ನೆಟ್ ಮಾನದಂಡದಲ್ಲಿದೆ. ಅದರಲ್ಲಿ ಎಡವುವ ಜಾಗ ಮೂರು.

ಯುಐಡಿ (ಫೈಲ್‌ನಲ್ಲಿ ಈವೆಂಟ್‌ನ ಗುರುತು) ಈವೆಂಟ್‌ಗೆ ಒಂದೇ ಇರಬೇಕು, ಎಂದಿಗೂ ಬದಲಾಗಬಾರದು. ಡೌನ್‌ಲೋಡ್ ಮಾಡಿದಾಗಲೆಲ್ಲ ಹೊಸದನ್ನು ಹುಟ್ಟಿಸಿದರೆ, ಸಮಯ ಬದಲಾದ ಮೇಲೆ ಮತ್ತೆ ಸೇರಿಸಿದವರ ಕ್ಯಾಲೆಂಡರ್‌ನಲ್ಲಿ ಹಳೆಯದು, ಹೊಸದು ಎರಡೂ ಕೂರುತ್ತವೆ. ಬದಲಾವಣೆಯಾದಾಗ ಸೀಕ್ವೆನ್ಸ್ (ಎಷ್ಟನೇ ತಿದ್ದುಪಡಿ ಎಂಬ) ಸಂಖ್ಯೆ ಏರಿಸಿ.

ಎರಡನೆಯದು ಸಾಲು ಮಡಿಸುವುದು, ಅಂದರೆ ಫೈಲ್‌ನ ಉದ್ದದ ಸಾಲನ್ನು ತುಂಡು ಮಾಡಿ ಮುಂದಿನ ಸಾಲಿಗೆ ಒಯ್ಯುವುದು. ಒಂದು ಸಾಲು 75 ಆಕ್ಟೆಟ್ ಮೀರಬಾರದು ಅನ್ನುತ್ತದೆ ನಿಯಮ, ಅಂದರೆ ಬೈಟ್ ಲೆಕ್ಕ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್ (ಅಕ್ಷರ ಅಥವಾ ಚಿಹ್ನೆಯ ಒಂದು ಸಂಕೇತ) 3 ಬೈಟ್, ಆದ್ದರಿಂದ 25 ದಾಟಿದರೆ ಮಡಿಸಲೇಬೇಕು. ಅಕ್ಷರ ಎಣಿಸಿ 75ಕ್ಕೆ ಮಡಿಸಿದರೆ ಸಾಲು 225 ಬೈಟ್ ಆಗುತ್ತದೆ. ಬೈಟ್ ಎಣಿಸಿ ಕಣ್ಣುಮುಚ್ಚಿ ಕತ್ತರಿಸಿದರೆ ಅಕ್ಷರದ ನಡುವೆ ಸೀಳಿ ಚೌಕಾಕಾರದ ಕಸ ಕಾಣಬಹುದು. ಕೋಡ್‌ಪಾಯಿಂಟ್ ಗಡಿ ನೋಡಿ ಮಡಿಸುವ ಲೈಬ್ರರಿಯನ್ನೇ ಆರಿಸಿ, ಟೆಸ್ಟ್‌ಗೆ ಉದ್ದದ ಕನ್ನಡ ಶೀರ್ಷಿಕೆ ಕೊಡಿ. ಇಂಗ್ಲಿಷ್ ಶೀರ್ಷಿಕೆಯಲ್ಲಿ ಈ ದೋಷ ಸಿಕ್ಕಿಬೀಳುವುದೇ ಇಲ್ಲ.

ಮೂರನೆಯದು, ಫೈಲ್ ಆಗಿ ಸೇರಿಸಿಕೊಂಡದ್ದು ಬರೀ ನಕಲು. ನೀವು ಸಮಯ ಬದಲಿಸಿದರೆ ಅದು ತಾನಾಗಿ ಬದಲಾಗುವುದಿಲ್ಲ. ಅದಕ್ಕೇ ಬದಲಾವಣೆ-ಸೂಚನೆಯ ಇಮೇಲ್ ಮಸ್ಟ್‌ನಲ್ಲಿ ಇರಲೇಬೇಕು. ಚಂದಾ ರೂಪದ ಕ್ಯಾಲೆಂಡರ್ ಲಿಂಕ್ ಇದೆ, ಆದರೆ ಕ್ಯಾಲೆಂಡರ್ ಸೇವೆಗಳು ಅದನ್ನು ಮತ್ತೆ ಓದುವಷ್ಟರಲ್ಲಿ ಗಂಟೆಗಟ್ಟಲೆ ಕಳೆಯಬಹುದು. ಕೊನೆ ಗಳಿಗೆಯ ಬದಲಾವಣೆಗೆ ಅದನ್ನು ನೆಚ್ಚಿಕೊಳ್ಳಬೇಡಿ.


ಮೂರನೇಸಾಲು

'ಹಂಚುವ ಲಿಂಕ್' ಅಂತ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಇಡೀ ಪಟ್ಟಿಯಲ್ಲಿ ಹೆಚ್ಚು ಒಡೆದು ನೋಡಬೇಕಾದ ಸಾಲು ಅದೇ.

ಪ್ರಿವ್ಯೂ: ಚಾಟ್‌ಗೆ ಅಂಟಿಸಿದ ಲಿಂಕ್ ಬರೀ ನೀಲಿ ಅಕ್ಷರವಾಗಿ ಕಂಡರೆ ಒತ್ತುವವರು ಕಡಿಮೆ. ಪ್ರಿವ್ಯೂಗೆ ಮಾಹಿತಿ ಕೊಡುವ ಓಪನ್ ಗ್ರಾಫ್ ಟ್ಯಾಗ್‌ಗಳು (ಶೀರ್ಷಿಕೆ, ವಿವರಣೆ, ಚಿತ್ರ, ಯುಆರ್‌ಎಲ್) ಸರ್ವರ್‌ನಿಂದಲೇ ಎಚ್‌ಟಿಎಂಎಲ್‌ನಲ್ಲಿ ಬರಬೇಕು. ಪ್ರಿವ್ಯೂ ತೆಗೆಯುವ ಬಾಟ್‌ಗಳು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ, ಪೂರ್ತಿ ಬ್ರೌಸರ್‌ನಲ್ಲೇ ಕಟ್ಟುವ ಆ್ಯಪ್ ಆದರೆ ಎಲ್ಲ ಈವೆಂಟ್‌ಗೂ ಒಂದೇ ಖಾಲಿ ಪ್ರಿವ್ಯೂ. ಫ್ರೇಮ್‌ವರ್ಕ್ ಆರಿಸುವ ಮೊದಲು ಇದನ್ನು ನೋಡಿ. ಚಿತ್ರ 1200×630. ದಿನಾಂಕವನ್ನು ಚಿತ್ರದ ಒಳಗೆ ಬರೆಯಬೇಡಿ: ಒಮ್ಮೆ ಕಳಿಸಿದ ಮೆಸೇಜ್‌ನ ಪ್ರಿವ್ಯೂ ಸಾಮಾನ್ಯವಾಗಿ ಮತ್ತೆ ಬದಲಾಗುವುದಿಲ್ಲ, ಈವೆಂಟ್ ಮುಂದೆ ಹೋದರೂ ಗುಂಪಿನಲ್ಲಿ ಹಳೆ ದಿನಾಂಕವೇ ದೊಡ್ಡದಾಗಿ ಕಾಣುತ್ತಿರುತ್ತದೆ.

ಯುಆರ್‌ಎಲ್: ಶೀರ್ಷಿಕೆಯನ್ನು ಕನ್ನಡದಲ್ಲೇ ಲಿಂಕ್‌ಗೆ ಸೇರಿಸಿದರೆ ನಕಲು ಮಾಡಿದಾಗ ಶೇಕಡಾ ಚಿಹ್ನೆಗಳ ಸಾಲಾಗಬಹುದು. 'ಕ' ಒಂದೇ 9 ಅಕ್ಷರ. 20 ಅಕ್ಷರದ ಹೆಸರು 180 ಆಗುತ್ತದೆ, ಕೆಲವು ಆ್ಯಪ್‌ಗಳಲ್ಲಿ ಅರ್ಧಕ್ಕೆ ತುಂಡಾಗುತ್ತದೆ. ಗುರುತಿಗೆ ಬರೀ ರ‍್ಯಾಂಡಮ್ ಟೋಕನ್ ಸಾಕು. 1, 2, 3 ಅಂತ ಕ್ರಮಸಂಖ್ಯೆ ಮಾತ್ರ ಬೇಡ, ಸಂಖ್ಯೆ ಬದಲಿಸುತ್ತಾ ಹೋದವರು ಬೇರೆಯವರ ಮನೆ ವಿಳಾಸ ಓದುತ್ತಾರೆ. ಖಾಸಗಿ ಈವೆಂಟ್‌ಗೆ 128 ಬಿಟ್‌ನ ಟೋಕನ್ ಇರಲಿ.

ಖಾಸಗಿ ಪುಟ: ಹುಡುಕಾಟದಲ್ಲಿ ಬರದಿರಲು ನೋಇಂಡೆಕ್ಸ್ ('ಪಟ್ಟಿಗೆ ಸೇರಿಸಬೇಡಿ' ಎಂಬ ಸೂಚನೆ) ಹಾಕಿ, ರೋಬೋಟ್ಸ್ ಫೈಲ್‌ನಲ್ಲಿ ಅದೇ ಪುಟವನ್ನು ತಡೆಯಬೇಡಿ. ತಡೆದರೆ ಹುಡುಕಾಟದ ಬಾಟ್ (ಕ್ರಾಲರ್) ಪುಟವನ್ನೇ ಓದುವುದಿಲ್ಲ, ನೋಇಂಡೆಕ್ಸ್ ಅದರ ಕಣ್ಣಿಗೇ ಬೀಳುವುದಿಲ್ಲ. ಪ್ರಿವ್ಯೂ ವಿವರಣೆಯಲ್ಲಿ ಪೂರ್ತಿ ವಿಳಾಸ ಹಾಕಬೇಡಿ, ಉತ್ತರಿಸಿದ ಮೇಲೆ ತೋರಿಸಿ.

ಇಮೇಲ್‌ನಲ್ಲೇ 'ಬರ್ತೀನಿ' ಬಟನ್ ಕೊಡುವ ಆಸೆ ಎಲ್ಲರಿಗೂ ಇರುತ್ತದೆ. ಆ ಲಿಂಕ್ ತೆರೆದ ಕೂಡಲೇ ಉತ್ತರ ದಾಖಲಾಗುವ ಹಾಗೆ ಮಾಡಿದರೆ ಕೆಡುತ್ತದೆ. ಕಚೇರಿಗಳ ಮೇಲ್ ಸ್ಕ್ಯಾನರ್‌ಗಳು ಮೇಲ್‌ನೊಳಗಿನ ಲಿಂಕ್‌ಗಳನ್ನು ಮೊದಲೇ ತೆರೆದು ನೋಡುತ್ತವೆ. 'ಬರ್ತೀನಿ', 'ಬರಲ್ಲ' ಎರಡನ್ನೂ ತೆರೆಯುತ್ತವೆ, ಕೊನೆಗೆ ತೆರೆದದ್ದು ಉತ್ತರವಾಗಿ ಉಳಿಯುತ್ತದೆ. ಲಿಂಕ್ ತೆರೆಯುವ ಗೆಟ್ ರಿಕ್ವೆಸ್ಟ್ ಬರೀ ಪುಟ ತೋರಿಸಲಿ, ಅಲ್ಲಿನ ಬಟನ್ ಒತ್ತಿದಾಗ ಪೋಸ್ಟ್ ರಿಕ್ವೆಸ್ಟ್ ಉತ್ತರ ದಾಖಲಿಸಲಿ. ಇಮೇಲ್ ಲಿಂಕ್‌ನಿಂದ ಲಾಗಿನ್ ಆಗುವ ವಿಧಾನಕ್ಕೂ ಇದೇ ರೋಗ: ಒಮ್ಮೆ ಮಾತ್ರ ನಡೆಯುವ ಟೋಕನ್ ಸ್ಕ್ಯಾನರ್ ಪಾಲಾಗುತ್ತದೆ, ಬಳಕೆದಾರರಿಗೆ 'ಅವಧಿ ಮುಗಿದಿದೆ'. 6 ಅಂಕಿಯ ಕೋಡ್ ಇದಕ್ಕಿಂತ ನಿಶ್ಚಿಂತೆ, ಪ್ರಯತ್ನಗಳಿಗೆ ಮಿತಿ ಹಾಕಿದ್ದರೆ.

ಲಿಂಕ್ ಫಾರ್ವರ್ಡ್ ಆಗಿಯೇ ಆಗುತ್ತದೆ. ಆದ್ದರಿಂದ ಹಂಚುವ ಲಿಂಕ್‌ನಿಂದ ಹೊಸ ಉತ್ತರ ಮಾತ್ರ ಸೇರಿಸಲು ಬರಬೇಕು. ಕೊಟ್ಟ ಉತ್ತರ ತಿದ್ದಲು ಆ ಅತಿಥಿಯ ಇಮೇಲ್‌ಗೆ ಬೇರೆ ಲಿಂಕ್.


ನೀಲಿಪಟ್ಟಿ

ತಿದ್ದು-ರದ್ದು ಬಿಟ್ಟುಹೋದದ್ದು ನಿಜ, ಸೇರಿಸಿದೆವು. ಎರಡು ವಿಷಯಕ್ಕೆ ಒತ್ತಡ ಇನ್ನೂ ಇದೆ: ಟಿಕೆಟ್ ಮಾರಾಟ ಮತ್ತು ಪುಶ್ ನೋಟಿಫಿಕೇಶನ್. 'ಪಾವತಿ ಗೇಟ್‌ವೇ ಜೋಡಿಸಿದರೆ ಆಯಿತಲ್ಲ, ಒಂದು ವಾರ' ಅನ್ನುತ್ತಾರೆ. ಸೀಟು ಮಿತಿಯನ್ನು ಹೇಗಾದರೂ ಮೊದಲ ಆವೃತ್ತಿಗೆ ತರಬೇಕು ಅಂತಲೂ ಇದೆ.


ಉಗುರುಬೆಚ್ಚಗೆ

ಪುಶ್ ಸುಲಭದ ವಾದ. ಐಫೋನ್‌ನಲ್ಲಿ ವೆಬ್ ಪುಶ್ ಬಂದದ್ದೇ 2023ರ ಐಓಎಸ್ 16.4ರಿಂದ, ಅದೂ ಆ್ಯಪನ್ನು ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡವರಿಗೆ. ನಿಮ್ಮ ಅತಿಥಿ ಒಂದು ಲಿಂಕ್ ತೆರೆದು, ಒಂದು ಬಟನ್ ಒತ್ತಿ ಹೋಗುವವರು. ಅವರು ಹೋಮ್ ಸ್ಕ್ರೀನ್‌ಗೆ ಸೇರಿಸುವುದಿಲ್ಲ, ಪುಶ್ ತಲುಪುವುದಿಲ್ಲ. ವೋಂಟ್.

ಟಿಕೆಟ್ ಒಂದು ವಾರ ಅನ್ನುವವರ ಮುಂದೆ ಅದನ್ನು ಒಡೆದು ಬರೆಯಿರಿ. ಪಾವತಿ ನಡೆಯುವಷ್ಟು ಹೊತ್ತು ಸೀಟು ಹಿಡಿದಿಡುವುದು, 10-15 ನಿಮಿಷಕ್ಕೆ ಬಿಡುವುದು. ಬಿಟ್ಟ ಮೇಲೆ ಪಾವತಿ ಯಶಸ್ವಿ ಅಂತ ತಡವಾಗಿ ಬಂದರೆ ಏನು? ಗೇಟ್‌ವೇ ಒಂದೇ ವೆಬ್‌ಹುಕ್ (ಪಾವತಿಯ ಸುದ್ದಿ ತರುವ ಸಂದೇಶ) ಎರಡು ಸಲ ಕಳಿಸಬಹುದು, ವ್ಯವಹಾರದ ಗುರುತಿಗೆ ಯೂನಿಕ್ ನಿರ್ಬಂಧ (ಒಂದು ಗುರುತು ಒಂದೇ ಸಲ ದಾಖಲಾಗಬೇಕು ಎಂಬ ನಿಯಮ) ಇಲ್ಲದಿದ್ದರೆ ಎರಡು ಟಿಕೆಟ್ ಹುಟ್ಟುತ್ತವೆ. ಈವೆಂಟ್ ರದ್ದಾದರೆ ಎಲ್ಲರಿಗೂ ಮರುಪಾವತಿ, ಅದರಲ್ಲಿ ಕೆಲವು ಸೋಲುತ್ತವೆ. ಆಯೋಜಕರಿಗೆ ಹಣ ವರ್ಗಾವಣೆ, ಅವರ ಗುರುತು ಪರಿಶೀಲನೆ, ತೆರಿಗೆ ರಸೀದಿ, ತಕರಾರು. ಇಷ್ಟನ್ನು ಬರೆದ ಮೇಲೆ 'ಒಂದು ವಾರ' ಎಂಬ ಮಾತು ತಾನೇ ನಿಲ್ಲುತ್ತದೆ. ಈಗ ಕೊಡಬಹುದಾದದ್ದು: ಆಯೋಜಕರು ತಮ್ಮದೇ ಪಾವತಿ ಲಿಂಕ್ ಹಾಕಿಕೊಳ್ಳುವ ಒಂದು ಫೀಲ್ಡ್, ಅತಿಥಿಗಳ ಪಟ್ಟಿಯಲ್ಲಿ 'ಹಣ ಬಂತು' ಎಂಬ ಟಿಕ್. ಎರಡು ದಿನ. ಎಷ್ಟು ಆಯೋಜಕರು ಆ ಫೀಲ್ಡ್ ತುಂಬುತ್ತಾರೆ ಅನ್ನುವುದೇ ಮುಂದಿನ ರೈಸ್ ಲೆಕ್ಕಕ್ಕೆ ನಿಜವಾದ ಸಂಖ್ಯೆ.

ಸೀಟು ಮಿತಿ ಬೇಕೇ ಬೇಕಾದರೆ ವೇಟಿಂಗ್ ಲಿಸ್ಟ್ ಇಲ್ಲದೆ ಕೊಡಿ. 'ಉಳಿದದ್ದು ಎಷ್ಟು' ಅಂತ ಓದಿ, ಆಮೇಲೆ ಬರೆಯುವ ಕೋಡ್ ಬೇಡ. ಕೊನೆಯ ಸೀಟಿಗೆ ಇಬ್ಬರು ಒಟ್ಟಿಗೆ ಒತ್ತಿದರೆ ಇಬ್ಬರೂ 'ಒಂದು ಉಳಿದಿದೆ' ಅಂತಲೇ ಓದುತ್ತಾರೆ. ಅಪ್‌ಡೇಟ್ ವಾಕ್ಯದ ಒಳಗೇ 'ಉಳಿದ ಸೀಟು ಕೇಳಿದ ತಲೆಗಳಿಗಿಂತ ಕಡಿಮೆ ಇರಬಾರದು' ಎಂಬ ಷರತ್ತು ಹಾಕಿ. ಬದಲಾದ ಸಾಲು 0 ಬಂದರೆ ತುಂಬಿದೆ ಅಂತ ಅರ್ಥ. ಉತ್ತರದ ದಾಖಲೆಯೂ ಅದೇ ಟ್ರಾನ್ಸಾಕ್ಷನ್‌ನಲ್ಲಿ ಇರಲಿ. 'ನೋಡೋಣ' ಅಂದವರು ಸೀಟು ಹಿಡಿಯುತ್ತಾರಾ ಇಲ್ಲವಾ, ಆಯೋಜಕರು ಮಿತಿಯನ್ನು 50ರಿಂದ 30ಕ್ಕೆ ಇಳಿಸಿದಾಗ ಈಗಾಗಲೇ 40 ಮಂದಿ ಇದ್ದರೆ ಏನು, ಇವೆರಡನ್ನು ರಿಕ್ವೈರ್‌ಮೆಂಟ್‌ನಲ್ಲೇ ಬರೆಯಿರಿ. ನನ್ನ ಆಯ್ಕೆ: ಹಿಡಿಯುವುದಿಲ್ಲ; ಇಳಿಸಲು ಬಿಡಿ, ಯಾರನ್ನೂ ಹೊರಹಾಕಬೇಡಿ, ಹೊಸ ಉತ್ತರ ಮಾತ್ರ ನಿಲ್ಲಿಸಿ.

ಸಾರ್ವಜನಿಕ ಹುಡುಕಾಟಕ್ಕೆ ಈಗ ಕೈ ಹಾಕಬೇಡಿ. ಅದು ಬಂದ ದಿನವೇ ಸ್ಪ್ಯಾಮ್, ದೂರು ಬಟನ್, ಪರಿಶೀಲನೆ ಮಾಡುವ ಮನುಷ್ಯ, ಇವೆಲ್ಲ ಬೇಕಾಗುತ್ತವೆ. ಫೋಟೊ ಆಲ್ಬಮ್‌ಗೂ ಅದೇ ಮಾತು. ಈವೆಂಟ್‌ನ ಒಂದೇ ಕವರ್ ಚಿತ್ರ ಇದ್ದರೂ ಎಕ್ಸಿಫ್‌ನಲ್ಲಿರುವ (ಫೋಟೊ ಫೈಲ್‌ನೊಳಗಿನ ಮಾಹಿತಿ) ಜಿಪಿಎಸ್ ಸ್ಥಳವನ್ನು ತೆಗೆದುಹಾಕಿ ಉಳಿಸಿ.


ಅರೆಬೆಳಕು

ಇಮೇಲ್‌ಗೆ 1.5 ವಾರ ಕೊಟ್ಟದ್ದು ಸರಿ, ಆದರೆ ಅದನ್ನು ಮೊದಲ ವಾರವೇ ಶುರು ಮಾಡಿ. ಹೊಸ ಡೊಮೈನ್‌ನಿಂದ ಒಮ್ಮೆಲೇ ಸಾವಿರಾರು ಮೇಲ್ ಹೋದರೆ ಸ್ಪ್ಯಾಮ್ ಡಬ್ಬಿಯೇ ಗತಿ. ಮೇಲ್ ನಿಜವಾಗಿ ನಿಮ್ಮ ಡೊಮೈನ್‌ನದ್ದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಇರಲಿ. 2024ರ ಫೆಬ್ರವರಿಯಿಂದ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಇವು ಕಡ್ಡಾಯ, ಪ್ರಚಾರದ ಮೇಲ್‌ಗಳಿಗೆ ಒಂದೇ ಒತ್ತಿನ ಅನ್‌ಸಬ್‌ಸ್ಕ್ರೈಬ್ ಬೇಕು, ಸ್ಪ್ಯಾಮ್ ದೂರು 0.3%ಗಿಂತ ಕೆಳಗಿರಬೇಕು.

ರಿಮೈಂಡರ್ ಮಾಡುವಾಗ ಈವೆಂಟ್‌ನ ಸ್ಥಿತಿಯನ್ನು ಕಳಿಸುವ ಕ್ಷಣದಲ್ಲಿ ಓದಿ, ಸಾಲಿಗೆ ಸೇರಿಸುವ ಕ್ಷಣದಲ್ಲಿ ಅಲ್ಲ. ಇಲ್ಲದಿದ್ದರೆ ರದ್ದಾದ ಈವೆಂಟ್‌ಗೆ 'ನಾಳೆ ಮರೆಯದೆ ಬನ್ನಿ' ಹೋಗುತ್ತದೆ. ಈವೆಂಟ್, ಅತಿಥಿ, ಬಗೆ, ಈ ಮೂರರ ಮೇಲೆ ಯೂನಿಕ್ ನಿರ್ಬಂಧ ಇದ್ದರೆ ಕೆಲಸ ಮರುಓಡಿದರೂ ಎರಡು ಮೇಲ್ ಹೋಗುವುದಿಲ್ಲ.


ನೀಲಿಪಟ್ಟಿ

ಈಗಿನ ಕ್ರಮ: ಕಡತಗಾರರ 10 ಆಳು-ವಾರದ ಸರಪಳಿ ಮಸ್ಟ್. ಶುಡ್: ಕ್ಯಾಲೆಂಡರ್ ಬಟನ್, ಸೀಟು ಮಿತಿ, ರಿಮೈಂಡರ್. ಕುಡ್: ನಕಲು ಬಟನ್, ಪಾವತಿ ಲಿಂಕ್ ಫೀಲ್ಡ್, ಸಹ-ಆಯೋಜಕರು, ಕಾಮೆಂಟ್. ಉಳಿದವು ಈ ಸಲ ಇಲ್ಲ. ಏಳನೇ ವಾರದಲ್ಲಿ ಯಾರಾದರೂ ಹೊಸ ಮಸ್ಟ್ ತಂದರೆ?


ಕಡತಗಾರ

ತಂದವರೇ ಅಷ್ಟೇ ಶ್ರಮದ ಇನ್ನೊಂದನ್ನು ಹೊರಗಿಡಬೇಕು, ಅದನ್ನು ಹಾಳೆಯಲ್ಲಿ ಬರೆದ ಮೇಲೆಯೇ ಕೆಲಸ ಶುರು. ಇದು ನಡೆಯಬೇಕಾದರೆ ಸರಪಳಿಯ ತೆಳು ರೂಪ (ರಚಿಸು, ಹಂಚು, ಉತ್ತರಿಸು, ರದ್ದು ಮಾಡು) ನಾಲ್ಕನೇ ವಾರದೊಳಗೆ ಓಡುತ್ತಿರಬೇಕು. ಆಗ ಏಳನೇ ವಾರದ ವಾದ ಕಣ್ಣೆದುರು ಇರುವ ವಸ್ತುವಿನ ಮೇಲೆ ನಡೆಯುತ್ತದೆ.

ಕುಡ್‌ನಲ್ಲಿರುವ ಕಾಮೆಂಟ್ ಬದಲು 'ಆಯೋಜಕರ ಪ್ರಕಟಣೆ' ಇಡಿ. ಬದಲಾವಣೆ-ಸೂಚನೆಯ ಇಮೇಲ್ ವ್ಯವಸ್ಥೆಯನ್ನೇ ಮರುಬಳಸಬಹುದು, ಬೈಗುಳ ಸೋಸುವ ಕೆಲಸ ಇರುವುದಿಲ್ಲ.


ಮೂರನೇಸಾಲು

ಸಹ-ಆಯೋಜಕರು ಕುಡ್‌ನಲ್ಲೇ ಇರಲಿ, ಆದರೆ ಈವೆಂಟ್ ಟೇಬಲ್‌ನಲ್ಲಿ 'ಮಾಲೀಕ' ಎಂಬ ಒಂದೇ ಕಾಲಂ ಇಡಬೇಡಿ, ಈವೆಂಟ್-ವ್ಯಕ್ತಿ-ಪಾತ್ರ ಎಂಬ ಬೇರೆ ಟೇಬಲ್ ಇರಲಿ. ಅರೆಬೆಳಕು ಹೇಳಿದ 'ಈಗ ನಿರ್ಧರಿಸುವುದು' ಕಾಲಂಗೆ ಇದೂ ಸೇರುತ್ತದೆ. ಮತ್ತೆ ಅತಿಥಿಗಳ ಇಮೇಲ್‌ಗಳನ್ನು ಈವೆಂಟ್ ಮುಗಿದ ಎಷ್ಟು ದಿನಕ್ಕೆ ಅಳಿಸುತ್ತೀರಿ ಎಂಬ ಒಂದು ಸಂಖ್ಯೆ ರಿಕ್ವೈರ್‌ಮೆಂಟ್‌ನಲ್ಲಿ ಇಲ್ಲ. 60 ಇರಲಿ, 90 ಇರಲಿ, ಬರೆಯಿರಿ. ಅಳಿಸುವ ಜಾಬ್ ಅರ್ಧ ದಿನದ್ದು. ಬ್ಯಾಕಪ್‌ಗಳ ಅವಧಿ ಅದಕ್ಕಿಂತ ಉದ್ದ ಇದ್ದರೆ ಅಳಿಸಿದ್ದಕ್ಕೆ ಅರ್ಥವಿಲ್ಲ, ಅದನ್ನೂ ಅದೇ ಸಾಲಿನಲ್ಲಿ ಸೇರಿಸಿ.